ಮಗಳ ಕಾದಂಬರಿ ನಾಲ್ಕನೇ ಅಧ್ಯಾಯದಲ್ಲಿ ನಿಂತುಬಿಟ್ಟಿದೆ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ, ಮೂಲ ಬಾಗಲಕೋಟೆ ಕಡೆಯವರು. ಮಗಳು ಹನ್ನೊಂದನೇ ಕ್ಲಾಸು. ಯುದ್ಧ, ಸರ್ವಾಧಿಕಾರ, ಹಾಳಾದ ಊರು, ಇಂಥ ಇಂಗ್ಲಿಷ್ ಕಾದಂಬರಿಗಳನ್ನೇ ಓದುತ್ತಾಳೆ. ಈಗ ತಾನೇ ಒಂದು ಬರೆಯೋಕೆ ಕೂತಿದ್ದಾಳೆ. ಅಜ್ಜಿಯೂ ಓದಲಿ ಅಂತ ಕನ್ನಡದಲ್ಲೇ ಬರೆಯುತ್ತಿದ್ದಾಳೆ. ಕತೆ ನಡೆಯುವುದು 2091ರಲ್ಲಿ. ಮುಂಬೈಗೆ ಯುದ್ಧ ಬರುತ್ತದೆ, ಇಳಾ ಅನ್ನುವ ಹದಿನಾರರ ಹುಡುಗಿ ಮನೆಯವರ ಜೊತೆ ಕರ್ನಾಟಕಕ್ಕೆ ಓಡುತ್ತಾಳೆ. ನಾಲ್ಕು ಅಧ್ಯಾಯ ಆದಮೇಲೆ ಪೆನ್ನು ಕೆಳಗಿಟ್ಟಿದ್ದಾಳೆ. ಕೇಳಿದರೆ "ಎಲ್ಲಾ ಸುಳ್ಳು ಅನ್ನಿಸ್ತಿದೆ ಅಮ್ಮಾ" ಅಂತಾಳೆ. ಈ ವಯಸ್ಸಿಗೆ ಇಷ್ಟು ಕತ್ತಲೆಯ ವಿಷಯ ಸರಿಯಾ? ಸರಿ ಅಂತಾದರೆ ಮುಂದಕ್ಕೆ ಹೇಗೆ ಬರೆಯಬೇಕು?

ಉತ್ತರ: ನೀವು ಕಳಿಸಿದ ನಾಲ್ಕೂ ಅಧ್ಯಾಯ ಓದಿದೆ. ಮುಲುಂಡಿನಿಂದ ದಾದರಿಗೆ ಹೋಗುವಾಗ ಎರಡು, ವಾಪಸ್ ಬರುವಾಗ ಎರಡು. ಕಾಗುಣಿತ ತಪ್ಪುಗಳಿವೆ, ಇರಲಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಅಜ್ಜಿಯಿಂದ ಅಕ್ಷರ ಕಲಿತು, ನೂರು ಪುಟ ಕನ್ನಡ ಬರೆದ ಹುಡುಗಿಗೆ ಒತ್ತಕ್ಷರದ ಪಾಠ ಹೇಳುವ ಧೈರ್ಯ ನನಗಿಲ್ಲ.

ನಿಮ್ಮ ಆತಂಕದ ಮಾತು ಮೊದಲು ಮುಗಿಸಿಬಿಡೋಣ. ಸರಿಯೇ. ಹದಿನಾರರ ಹುಡುಗಿ ದಿನವೂ ಫೋನಿನಲ್ಲಿ ಯುದ್ಧದ ವಿಡಿಯೊ ನೋಡುತ್ತಾಳೆ, ನೀವು ಬೇಡ ಅಂದರೂ ನೋಡುತ್ತಾಳೆ. 2024ರ ಕೊನೆಗೆ ಜಗತ್ತಿನಲ್ಲಿ ಮನೆ ಬಿಟ್ಟು ಓಡಬೇಕಾಗಿ ಬಂದವರು 12 ಕೋಟಿಗೂ ಜಾಸ್ತಿ ಅಂತ ವಿಶ್ವಸಂಸ್ಥೆಯ ಲೆಕ್ಕ. ಅದರಲ್ಲಿ ಐದಕ್ಕೆ ಇಬ್ಬರು ಮಕ್ಕಳು. ಅವಳ ವಯಸ್ಸಿನವರಿಗೇ ಆಗುತ್ತಿರುವ ಕತೆ ಅದು. ಸುಮ್ನೆ ನೋಡಿ ಹೆದರುವುದಕ್ಕಿಂತ ಕೂತು ಬರೆಯುವುದು ವಾಸಿ. ರಾತ್ರಿ ನಿದ್ದೆ ಬಿಟ್ಟು ಬರೆದರೆ ಮಾತ್ರ ಬೈಯಿರಿ.

ಇನ್ನು ಮುಂದಿನದ್ದನ್ನು ಅವಳಿಗೇ ಓದಲು ಕೊಡಿ.

ನೋಡಮ್ಮಾ, "ಎಲ್ಲಾ ಸುಳ್ಳು ಅನ್ನಿಸ್ತಿದೆ" ಅಂದೆಯಲ್ಲ, ಅದು ಒಳ್ಳೆಯ ಲಕ್ಷಣ. ಇಪ್ಪತ್ತು ವರ್ಷದಿಂದ ಹುಡುಗ ಹುಡುಗಿಯರ ಕತೆ ತಿದ್ದುತ್ತಿದ್ದೇನೆ. ಹೆಚ್ಚಿನವರಿಗೆ ತಮ್ಮ ಕತೆಯಲ್ಲಿ ಸುಳ್ಳು ಎಲ್ಲಿ ಹೊಕ್ಕಿತು ಅಂತ ಗೊತ್ತೇ ಆಗುವುದಿಲ್ಲ. ನಿನ್ನ ಕತೆಯಲ್ಲಿ ಅದು ಎಲ್ಲಿ ಹೊಕ್ಕಿತು ಅಂತ ನಾನು ತೋರಿಸುತ್ತೇನೆ.

ಮೊದಲನೆಯದು ದಾರಿ. ಎರಡನೇ ಅಧ್ಯಾಯದಲ್ಲಿ ಇಳಾಳ ಮನೆಯವರು ಡೊಂಬಿವಲಿಯಿಂದ ನಡೆದು ಹೊರಡುತ್ತಾರೆ, "ಎರಡು ದಿನದ ನಂತರ" ಕರ್ನಾಟಕದ ಗಡಿ ಕಾಣುತ್ತದೆ. ಲೆಕ್ಕ ಹಾಕೋಣ. ರೈಲು ಹಳಿ ಹಿಡಿದು ಹೋದರೆ ಡೊಂಬಿವಲಿಯಿಂದ ಕರ್ಜತ್ 52 ಕಿಲೋಮೀಟರ್. ಅಲ್ಲಿಂದ ಬೋರ್ ಘಾಟ್ ಅನ್ನುವ ಘಾಟಿ ಹತ್ತಿ ಲೋಣಾವಳಾ 28. ಲೋಣಾವಳಾದಿಂದ ಪುಣೆ 64. ಪುಣೆಯಿಂದ ಕೊಲ್ಲಾಪುರಕ್ಕೆ ರಸ್ತೆಯಲ್ಲಿ ಸುಮಾರು 230. ಆಮೇಲೆ ಕಾಗಲ್ ದಾಟಿ ಕೊಗನೋಳಿ ಗಡಿ ಇನ್ನೊಂದು 30. ಒಟ್ಟು 400ರ ಆಸುಪಾಸು. ಅಪ್ಪನಿಗೆ ಮಂಡಿನೋವು ಅಂತ ನೀನೇ ಬರೆದಿದ್ದೀಯ, ಆರು ವರ್ಷದ ತಮ್ಮ ಬೇರೆ ಇದ್ದಾನೆ. ದಿನಕ್ಕೆ 15 ಕಿಲೋಮೀಟರ್ ಆದರೆ ದೊಡ್ಡದು. ಅಂದರೆ ಇಪ್ಪತ್ತೇಳು ದಿನ. ನೀನು ನುಂಗಿ ಹಾಕಿದ ಆ ಇಪ್ಪತ್ತೈದು ದಿನದಲ್ಲೇ ನಿನ್ನ ಕಾದಂಬರಿ ಇದೆ.

ಯುದ್ಧ ಶುರುವಾಗುವುದು ಜುಲೈಯಲ್ಲಿ ಅಂತ ಬರೆದಿದ್ದೀಯ. ಜುಲೈಯಲ್ಲಿ ಬೋರ್ ಘಾಟ್ ನೋಡಿದ್ದೀಯಲ್ಲ? ಹಳಿಯ ಪಕ್ಕದ ಜಲ್ಲಿಕಲ್ಲಿನ ಮೇಲೆ ನೀರು ಹರಿಯುತ್ತಿರುತ್ತದೆ. 1863ರಲ್ಲಿ ಶುರುವಾದ ಆ ದಾರಿಯಲ್ಲಿ 37 ಅಡಿ ಮುಂದೆ ಹೋದರೆ ಒಂದು ಅಡಿ ಏರಿರುತ್ತದೆ. ಕೇಳಲು ಏನೂ ಅಲ್ಲ, ಆದರೆ ರೈಲಿಗೇ ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳುವ ಇಂಜಿನ್ ಬೇಕು. ತಲೆ ಮೇಲೆ ಗಂಟು ಹೊತ್ತ ಅಮ್ಮನಿಗೆ ಹೇಗಿರಬೇಡ? ಸುರಂಗದೊಳಗೆ ನಡೆಯುವಾಗ ಫೋನಿನ ಬ್ಯಾಟರಿ ಉಳಿಸಬೇಕು ಅಂತ ಲೈಟು ಹಾಕುವುದಿಲ್ಲ, ಮುಂದಿನವರ ಚಪ್ಪಲಿ ಸದ್ದು ಹಿಡಿದು ಹೋಗುತ್ತಾರೆ. ಚಪ್ಪಲಿ ಅಂದೆ, ಇಳಾ ಯಾವ ಚಪ್ಪಲಿ ಹಾಕಿದ್ದಾಳೆ? ಎಂಟನೇ ದಿನಕ್ಕೆ ಅದರ ಗತಿ ಏನು? ಇಪ್ಪತ್ತೇಳು ದಿನದಲ್ಲಿ ಅವಳಿಗೆ ಒಂದು ಸಲವಾದರೂ ಮುಟ್ಟು ಬರಬೇಕಲ್ವಾ? ಹದಿನಾರರ ಹುಡುಗಿಯರೇ ಲೋಕ ಉಳಿಸುವ ಕತೆಗಳಲ್ಲಿ ಇದೊಂದು ಮಾತ್ರ ಯಾರಿಗೂ ಬರುವುದಿಲ್ಲ. ನನಗೆ ಮೊದಲಿನಿಂದಲೂ ಆಶ್ಚರ್ಯ.

ಎರಡನೆಯದು, ಇಳಾ ನಿರಾಶ್ರಿತೆ ಹೌದೋ ಅಲ್ಲವೋ ಅನ್ನುವುದು. ಇದು ಬರೀ ಪದದ ತಕರಾರಲ್ಲ. 1951ರ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ದೇಶದ ಗಡಿ ದಾಟಿದವರು ಮಾತ್ರ ನಿರಾಶ್ರಿತರು. ಮುಂಬೈಯಿಂದ ನಿಪ್ಪಾಣಿಗೆ ಓಡಿದವಳು ತನ್ನ ದೇಶದಲ್ಲೇ ಇದ್ದಾಳೆ. ನಾನು ಹೇಳಿದ 12 ಕೋಟಿಯಲ್ಲಿ 7 ಕೋಟಿಗೂ ಹೆಚ್ಚು ಜನ ಹೀಗೆ ತಮ್ಮ ದೇಶದೊಳಗೇ ದಿಕ್ಕೆಟ್ಟವರು. ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆ ಅಂತಲೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಹಾಗಾಗಿ 2091ರಲ್ಲಿ ಏನಾಗಿದೆ ಅಂತ ನೀನು ತೀರ್ಮಾನ ಮಾಡಬೇಕು. ರಾಜ್ಯದ ಗೆರೆಗಳೇ ದೇಶದ ಗೆರೆಗಳಾಗಿವೆಯಾ? ಆಗಿದ್ದರೆ ಕೊಗನೋಳಿಯ ಟೋಲ್ ನಾಕಾದಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ. ಆಗಿಲ್ಲ ಅಂದರೆ ಯಾವ ಅಧಿಕಾರದ ಮೇಲೆ ತಡೆಯುತ್ತಾರೆ? ಒಂದು ಸಾಲಿನಲ್ಲಿ ಹೇಳಿದರೆ ಸಾಕು, ಇತಿಹಾಸದ ಪಾಠ ಬೇಡ. ಬೆಳಗಾವಿ ಯಾವ ಕಡೆ ಹೋಯಿತು ಅಂತ ಮಾತ್ರ ಬರೆಯಬೇಡ. ಓದುಗರ ಮನೆಯಲ್ಲೇ ಬೇರೆ ಯುದ್ಧ ಶುರುವಾದೀತು.

ತಡೆಯುವುದಕ್ಕೆ ದೇಶದ ಗಡಿಯೇ ಬೇಕು ಅಂತೇನೂ ಇಲ್ಲ. 2020ರ ಮೇ ತಿಂಗಳು ನಿನಗೆ ಮಸುಕಾಗಿ ನೆನಪಿರಬಹುದು. ನನ್ನ ಅಕ್ಕನ ಮಗ ಆಗ ಇಲ್ಲಿಂದ ಊರಿಗೆ ಹೊರಟ. ಪಾಸ್ ಇತ್ತು, ಆಧಾರ್ ಇತ್ತು. ಊರು ಮುಟ್ಟಿದ ಮೇಲೆ ಶಾಲೆಯಲ್ಲಿ ಕ್ವಾರಂಟೈನ್. ಅದು ಅವನು ಓದಿದ ಶಾಲೆಯೇ. ಅಕ್ಕ ದಿನಾ ಡಬ್ಬಿ ತಂದು ಕಾಂಪೌಂಡ್ ಗೋಡೆ ಮೇಲಿಟ್ಟು ಇಪ್ಪತ್ತು ಹೆಜ್ಜೆ ಹಿಂದೆ ನಿಲ್ಲುತ್ತಿದ್ದಳಂತೆ. ದಾರಿಯಲ್ಲಿ ಹೋಗುವವರು "ಮುಂಬೈಯವ್ರು ಬಂದಾರ" ಅನ್ನುತ್ತಿದ್ದರು. ಅದಕ್ಕೂ ಮುಂಚೆ ಮೂವತ್ತು ವರ್ಷ ಅವನನ್ನು ಹೆಸರು ಹಿಡಿದು ಕರೆದವರೇ ಅವರು. ಅವನಿಗೆ ಡಬ್ಬಿಗಿಂತ ಆ ಮಾತೇ ಇವತ್ತಿಗೂ ನೆನಪು. ಇಳಾಳ ಅಪ್ಪ ದಾರಿಯುದ್ದಕ್ಕೂ "ಊರು ಮುಟ್ಟಿದರೆ ಸಾಕು" ಅನ್ನುತ್ತಾನೆ. ಆ ಊರು ಅವನನ್ನು ಹೇಗೆ ನೋಡುತ್ತದೆ ಅಂತ ಯೋಚನೆ ಮಾಡು.

ಈಗ ಕ್ಯಾಂಪು. ನಿನ್ನ ಕ್ಯಾಂಪಿನಲ್ಲಿ ಕರೆಂಟು ಹರಿಯುವ ಬೇಲಿ, ಕೆನ್ನೆಯ ಮೇಲೆ ಗಾಯದ ಗುರುತಿರುವ ಕಮಾಂಡರ್, ಚಾಟಿ ಎಲ್ಲಾ ಇವೆ. ನೀರು ಎಲ್ಲಿಂದ ಬರುತ್ತದೆ ಅಂತ ಮಾತ್ರ ಇಲ್ಲ. ಪರಿಹಾರ ಕೆಲಸ ಮಾಡುವ ಸಂಸ್ಥೆಗಳ ಹತ್ತಿರ ಸ್ಫಿಯರ್ ಅನ್ನುವ ಒಂದು ಕೈಪಿಡಿ ಇದೆ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಅಂದರೆ ನಮ್ಮ ಒಂದು ಬಕೆಟ್. ಕುಡಿಯಲು, ಅಡಿಗೆಗೆ, ಸ್ನಾನಕ್ಕೆ ಎಲ್ಲಾ ಸೇರಿ. ಒಂದು ನಲ್ಲಿಗೆ 250 ಜನ. 20 ಜನರಿಗೆ ಒಂದು ಕಕ್ಕಸು. ಒಬ್ಬರಿಗೆ ಮೂರೂವರೆ ಚದರ ಮೀಟರ್ ಜಾಗ. ಐದು ಜನದ ಮನೆಗೆ 188 ಚದರ ಅಡಿ ಆಯಿತು. ಮುಂಬೈಯ ವರ್ಲಿಯ ಹಳೆಯ ಬಿಡಿಡಿ ಚಾಳಿನ ಖೋಲಿ, ಅಂದರೆ ವಠಾರದ ಒಂದು ಕೋಣೆಯ ಮನೆ, 160 ಚದರ ಅಡಿ ಇತ್ತು! ನಗಬೇಡ. ಇಳಾಳ ಅಮ್ಮ ಡೇರೆಯೊಳಗೆ ಕಾಲಿಟ್ಟ ಕೂಡಲೇ ಒಲೆ ಎಲ್ಲಿ, ಹಾಸಿಗೆ ಎಲ್ಲಿ ಅಂತ ಅಳತೆ ಮಾಡಿ, "ನಮ್ ಖೋಲಿಗಿಂತ ದೊಡ್ಡದೈತಿ" ಅಂದರೆ ಓದುವವರಿಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನಿನ್ನ ಕಮಾಂಡರನ ಚಾಟಿಯಿಂದ ಅದು ಆಗುವುದಿಲ್ಲ.

ತಂತ್ರಜ್ಞಾನದ ವಿಷಯದಲ್ಲೂ ನೀನು ತುಂಬಾ ದೂರ ಹಾರಿದ್ದೀಯ. ಜೋರ್ಡಾನ್‌ನ ಝಾತರಿ ಕ್ಯಾಂಪ್ 2012ರಲ್ಲಿ ಶುರುವಾಯಿತು, ಸಿರಿಯಾದ ಯುದ್ಧದಿಂದ ಓಡಿ ಬಂದವರಿಗಾಗಿ. 2016ರಲ್ಲೇ ಅಲ್ಲಿಯ ಅಂಗಡಿಯಲ್ಲಿ ಕಾರ್ಡೂ ಬೇಡ, ದುಡ್ಡೂ ಬೇಡ ಅನ್ನುವ ವ್ಯವಸ್ಥೆ ಬಂತು. ಕಣ್ಣು ತೋರಿಸಿದರೆ ಯಂತ್ರ ಪಾಪೆ ಗುರುತು ಹಿಡಿದು ನೆರವಿನ ಲೆಕ್ಕದಿಂದ ಹಣ ಕಳೆಯುತ್ತಿತ್ತು. ಆಗಿಹೋದ ಸಂಗತಿ ಇದು. ನಮ್ಮಲ್ಲೂ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಅಕ್ಕಿ, ಕೂಲಿ ಮಾಡಿ ಸವೆದ ಬೆರಳನ್ನು ಯಂತ್ರ ಒಪ್ಪದಿದ್ದರೆ ಪರದಾಟ. 2091ಕ್ಕೆ ಹಾರುವ ಜೈಲು ಕಟ್ಟುವುದು ಬೇಡ. ಇವತ್ತು ಇರುವ ಯಂತ್ರವನ್ನೇ ಒಂದು ಹೆಜ್ಜೆ ಮುಂದಕ್ಕೆ ತಳ್ಳು. ಯಾವ ಯಂತ್ರ ಅಂತ ಆಮೇಲೆ ಹೇಳುತ್ತೇನೆ.

ನಾಲ್ಕನೇ ಅಧ್ಯಾಯಕ್ಕೆ ಬರೋಣ. ಇಳಾ ಕಾವಲುಗಾರನ ಬಂದೂಕು ಕಿತ್ತುಕೊಳ್ಳುತ್ತಾಳೆ. ಅಲ್ಲಿಗೇ ನಿಂತಿದೆ. ನಿಲ್ಲಲೇಬೇಕು, ಯಾಕಂದರೆ ಆ ಬಂದೂಕು ಅವಳದ್ದಲ್ಲ, ನೀನು ಓದಿದ ಪುಸ್ತಕಗಳದ್ದು. ಇಳಾಗೆ ಬಂದೂಕು ಹಿಡಿಯಲು ಯಾರು ಕಲಿಸಿದರು? ಅವಳಿಗೆ ನಿಜವಾಗಿ ಏನು ಬರುತ್ತದೆ ಅಂತ ಮೊದಲನೇ ಅಧ್ಯಾಯದಲ್ಲಿ ನೀನೇ ಬರೆದಿದ್ದೀಯ, ಬರೆದು ಮರೆತಿದ್ದೀಯ. ಮನೆಯಲ್ಲಿ ಕನ್ನಡ, ಚಾಳಿನಲ್ಲಿ ಮರಾಠಿ, ಲೋಕಲ್‌ನಲ್ಲಿ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷ್. "ಇಳಾ ಇಡೀ ದಿನ ನಾಲಿಗೆ ಬದಲಾಯಿಸುತ್ತಿರುತ್ತಾಳೆ" ಅಂತ ಒಂದು ಸಾಲು ಇದೆ ನೋಡು. ನೂರು ಪುಟದಲ್ಲಿ ನಾನು ಗೆರೆ ಎಳೆದದ್ದು ಆ ಒಂದು ಸಾಲಿಗೆ.

ಓಡಿಹೋದ ಮನೆಗಳಲ್ಲಿ ಮೊದಲು ತಲೆಕೆಳಗಾಗುವುದು ಇದೇ. ದೊಡ್ಡವರಿಗೆ ಹೊಸ ಜಾಗದ ಭಾಷೆ ಬರುವುದಿಲ್ಲ, ಮಕ್ಕಳಿಗೆ ಬೇಗ ಬರುತ್ತದೆ. ಆಸ್ಪತ್ರೆ, ಕಚೇರಿ, ಪೊಲೀಸು, ಎಲ್ಲಾ ಕಡೆ ಮಗುವೇ ದುಭಾಷಿ. ಅಮ್ಮನ ಹೊಟ್ಟೆಯೊಳಗಿನ ಕಾಯಿಲೆಯನ್ನು ಡಾಕ್ಟರಿಗೆ ಹನ್ನೆರಡು ವರ್ಷದ ಹುಡುಗ ಹೇಳಬೇಕು. ಡಾಕ್ಟರ್ ಹೇಳಿದ್ದನ್ನು ಅಮ್ಮನಿಗೆ ಎಷ್ಟು ಹೇಳಬೇಕು ಅಂತಲೂ ಅವನೇ ಯೋಚಿಸಬೇಕು. ಇಂಥ ಮಗುವಿನ ಕೈಯಲ್ಲಿ ಬಂದೂಕಿಗಿಂತ ದೊಡ್ಡ ಶಕ್ತಿ ಇದೆ. ಅದನ್ನು ಅದು ಕೇಳಿ ಪಡೆದದ್ದಲ್ಲ.

ಈಗ ಯಂತ್ರದ ಮಾತು. ಸ್ವೀಡನ್‌ನಂಥ ಕೆಲವು ದೇಶಗಳು 1990ರ ದಶಕದಿಂದ, ಆಶ್ರಯ ಕೇಳಿ ಬಂದವರ ಮಾತು ರೆಕಾರ್ಡ್ ಮಾಡಿ, ಉಚ್ಚಾರಣೆ ನೋಡಿ, ಇವರು ಹೇಳುವ ಊರಿನವರೇನಾ ಅಂತ ಪರೀಕ್ಷೆ ಮಾಡುತ್ತಿವೆ. ಮೊದಲು ಕೂತು ಕೇಳುತ್ತಿದ್ದವರು ಮನುಷ್ಯರೇ, 2017ರಲ್ಲಿ ಜರ್ಮನಿ ಅದಕ್ಕೆ ಕಂಪ್ಯೂಟರನ್ನೂ ತಂದಿತು. ನೀನು 2091ರಲ್ಲಿ ಆ ಕೆಲಸ ಪೂರ್ತಿಯಾಗಿ ಯಂತ್ರಕ್ಕೇ ಕೊಡು. ಕೊಗನೋಳಿಯಲ್ಲಿ ಒಂದು ಮೈಕು. ಅದರ ಮುಂದೆ ಎರಡು ನಿಮಿಷ ಮಾತಾಡಬೇಕು. ಕನ್ನಡದವರು ಅಂತ ಯಂತ್ರ ಒಪ್ಪಿದರೆ ಒಳಗೆ.

ಅಪ್ಪ ಪಾಸಾಗುತ್ತಾನೆ. "ನಾವು ಬಾಗಲಕೋಟಿ ಕಡ್ಯಾವ್ರರೀ" ಅಂದ ಕೂಡಲೇ ಹಸಿರು ದೀಪ. ಇಳಾ ಮಾತಾಡುತ್ತಾಳೆ. ಅವಳ ಕನ್ನಡದಲ್ಲಿ ಪಟ್ರಿ ಇದೆ, ಭಾಜಿ ಇದೆ, "ಟೈಮ್‌ಪಾಸ್" ಇದೆ, ಹಿಂದಿಯ "ಮತ್ಲಬ್" ಇದೆ. ದೀಪ ಹಳದಿ. ರಜೆಯಲ್ಲಿ ಊರಿಗೆ ಹೋದಾಗ ಚಿಕ್ಕಪ್ಪನ ಮಕ್ಕಳು "ನಿಂದು ಎಂಥಾ ಕನ್ನಡ ಲೇ" ಅಂತ ನಕ್ಕಿದ್ದು ನಿನಗೂ ಆಗಿರಬೇಕಲ್ವಾ? ನನಗೆ ಆಗಿದೆ. ಆಗ ಮುಖ ಬಿಸಿಯಾಗಿತ್ತು, ಅಷ್ಟೇ. ಈಗ ಅದೇ ನಗು ಒಂದು ಗೇಟು ಆಗಿದೆ. ನೀನು ಹುಡುಕುತ್ತಿದ್ದ ಭಯಂಕರ ಭವಿಷ್ಯ ಇದು ಅಂತ ನನಗೆ ಅನ್ನಿಸುತ್ತದೆ. ಇದನ್ನು ಬರೆಯಲು ಮುಂಬೈ ಕನ್ನಡದ ಹುಡುಗಿಯೇ ಬೇಕು.

ಇನ್ನೊಂದು ಪಾತ್ರ ಇದೆ, ನೀನು ಮೊದಲ ಅಧ್ಯಾಯದಲ್ಲೇ ಬಿಟ್ಟುಬಂದದ್ದು. ಪಕ್ಕದ ಖೋಲಿಯ ಮರಾಠಿ ಆಜಿ. ಗಣಪತಿ ಹಬ್ಬಕ್ಕೆ ಮೋದಕ ಕೊಡುವವಳು. ಅವಳನ್ನು ಜೊತೆಗೆ ಕರೆದುಕೊಂಡು ಬಾ. ಗಡಿಯ ದೃಶ್ಯ ಹೀಗಿರಬಹುದು. ನಕಲು ಮಾಡಬೇಡ, ದಾರಿ ಕಾಣಲಿ ಅಂತ ಬರೆದೆ ಅಷ್ಟೇ.

ಕೌಂಟರಿನಲ್ಲಿ ಕೂತವನಿಗೆ ನೆಗಡಿ ಆಗಿತ್ತು. ಟವೆಲಿನಿಂದ ಮೂಗು ಒರೆಸಿಕೊಂಡು ಪಟ್ಟಿ ನೋಡಿದ.
"ನಾಲ್ಕು ಮಂದಿ ಅಂತ ಐತಿ. ಈ ಮುದುಕಿ ಯಾರು?"
ಆಜಿ ಇಳಾಳ ಕಡೆ ನೋಡಿದಳು. "ಕಾಯ್ ಮ್ಹಣತೋ?" ಅಂತ ಕೇಳಲು ಬಾಯಿ ತೆರೆದಳು. ಇಳಾ ಅವಳ ಮೊಣಕೈ ಹಿಡಿದು ಒತ್ತಿದಳು.
"ನಮ್ಮಜ್ಜಿ ರೀ. ಅಪ್ಪನ ಅವ್ವ."
"ಮೈಕಿನ್ಯಾಗ ಮಾತಾಡಾಕ ಹೇಳು."
"ಮಾತು ಬರಂಗಿಲ್ಲರೀ. ಬಾಂಬು ಬಿದ್ದಾಗಿಂದ."
ಅವನು ಪೆನ್ನು ಕಿವಿಯಿಂದ ತೆಗೆದು ಒಂದು ಚೌಕದಲ್ಲಿ ಗುರುತು ಹಾಕಿದ. ಅಪ್ಪ ಇಳಾಳನ್ನು ನೋಡಲಿಲ್ಲ. ಅವನ ಅವ್ವ ಸತ್ತು ಒಂಬತ್ತು ವರ್ಷವಾಗಿತ್ತು.

ಈಗ ನಿನ್ನ ಕತೆ ನಡೆಯತೊಡಗುತ್ತದೆ ನೋಡು. ಕ್ಯಾಂಪಿನಲ್ಲಿ ಆಜಿ ಬಾಯಿ ಬಿಡುವ ಹಾಗಿಲ್ಲ. ನಲ್ಲಿಯ ಸಾಲಿನಲ್ಲಿ ಕಾಲ ಮೇಲೆ ಬಿಂದಿಗೆ ಬಿದ್ದರೂ "ಆಯಿ ಗಂ" ಅನ್ನುವ ಹಾಗಿಲ್ಲ. ನಿದ್ದೆಯಲ್ಲಿ ಮಾತಾಡಿದರೆ? ಆರು ವರ್ಷದ ತಮ್ಮ ಅವಳನ್ನು ರೂಢಿಯಿಂದ "ಆಜಿ" ಅಂತಲೇ ಕರೆದರೆ? ಇಳಾ ಒಂದು ಸುಳ್ಳು ಹೇಳಿದಳು, ಇನ್ನು ದಿನಾ ಅದಕ್ಕೆ ಅನ್ನ ಹಾಕಿ ಸಾಕಬೇಕು. ಅಮ್ಮನಿಗೆ ಸಿಟ್ಟು ಬರುತ್ತದೆ, ತಿನ್ನುವ ಬಾಯಿ ಒಂದು ಜಾಸ್ತಿಯಾಯಿತಲ್ಲ ಅಂತ. ಆಮೇಲೆ ರೇಷನ್ ಐದು ಜನದ್ದು ಬರುತ್ತದೆ, ಆಜಿ ತಿನ್ನುವುದು ಅರ್ಧ. ಅಮ್ಮನ ಸಿಟ್ಟು ಎಲ್ಲಿ ಹೋಯಿತು ಅಂತ ಅವಳಿಗೇ ನಾಚಿಕೆಯಾಗುತ್ತದೆ. ನೆಗಡಿಯ ಗುಮಾಸ್ತ ಕೆಟ್ಟವನಲ್ಲ. ಅವನಿಗೆ ಗೊತ್ತಾಗಿದೆಯೋ ಇಲ್ಲವೋ ಅಂತ ಕೊನೆಯ ತನಕ ಹೇಳಬೇಡ. ಕಮಾಂಡರನನ್ನು ಮಾತ್ರ ದಯವಿಟ್ಟು ಮನೆಗೆ ಕಳಿಸು.

ಮೊದಲ ಅಧ್ಯಾಯದ ಸ್ಫೋಟಗಳ ಬಗ್ಗೆ ಒಂದು ಮಾತು. ಮೂರು ಪುಟ ಜಾಸ್ತಿಯಾಯಿತು. ಮುಂಬೈ ಇಂಥದ್ದನ್ನು ನಿಜವಾಗಿ ಕಂಡಿದೆ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಅನ್ನುವ ಹಡಗು ಸಿಡಿಯಿತು. ಯುದ್ಧದ ಸ್ಫೋಟಕ, ಹತ್ತಿ, ಚಿನ್ನ ಎಲ್ಲಾ ಒಂದೇ ಹಡಗಿನಲ್ಲಿ ಇತ್ತು. ನೂರಾರು ಜನ ಸತ್ತರು, ಸಾವಿರಾರು ಮನೆ ಹೋದವು. ಊರಿನ ಮೇಲೆ ಉರಿಯುವ ಹತ್ತಿ ಬಿತ್ತು, ಚಿನ್ನದ ಗಟ್ಟಿಗಳೂ ಬಿದ್ದವು. ನೋಡು, ಮೂರು ಪುಟದ ಬೆಂಕಿಗಿಂತ ಆಕಾಶದಿಂದ ಬಿದ್ದ ಒಂದು ಚಿನ್ನದ ಗಟ್ಟಿ ಹೆಚ್ಚು ಹೆದರಿಸುತ್ತದೆ.

ಕ್ಯಾಂಪ್ ಎಲ್ಲಿರಬೇಕು ಅಂತ ಮಾರ್ಜಿನ್‌ನಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೀಯ. ಆಜಿ ಬಾಯಿ ಮುಚ್ಚಿಕೊಳ್ಳಬೇಕಾದ ಕ್ಯಾಂಪು ಗಡಿಯ ಆಚೆಯದು. ಅದಕ್ಕೂ ಮುಂಚೆ ತಂಗುವ ಕ್ಯಾಂಪಿಗೆ ಇಳಾಳ ದಾರಿಯಲ್ಲೇ ಒಂದು ಜಾಗ ಇದೆ, ಕೊಲ್ಲಾಪುರದ ಪಕ್ಕದ ವಳಿವಡೆ. ಎರಡನೇ ಮಹಾಯುದ್ಧದಲ್ಲಿ ನೆಲೆ ಕಳೆದುಕೊಂಡ ಸುಮಾರು 5000 ಪೋಲೆಂಡಿನವರು 1943ರಿಂದ 1948ರ ತನಕ ಅಲ್ಲಿದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಶಾಲೆ ಇತ್ತು, ಚರ್ಚ್ ಇತ್ತು. ಪೋಲೆಂಡಿನ ಮಕ್ಕಳು ಮರಾಠಿಯವರ ಜೊತೆ ಪಂಚಗಂಗೆಯ ಬಯಲಲ್ಲಿ ಬೆಳೆದರು. ಅವರು ಹೋದಮೇಲೆ ದೇಶವಿಭಜನೆಯಿಂದ ಓಡಿ ಬಂದ ಸಿಂಧಿಗಳು ಆ ಜಾಗಕ್ಕೆ ಬಂದರು. ಈಗ ಅದು ಗಾಂಧಿನಗರ, ಹೋಲ್‌ಸೇಲ್ ಬಟ್ಟೆಯ ಪೇಟೆ. ಒಂದೇ ನೆಲಕ್ಕೆ ಮೂರನೇ ಸಲ ಜನ ಓಡಿ ಬರುತ್ತಾರೆ, 2091ರಲ್ಲಿ. ಆಜಿಯ ಮರಾಠಿ ನಡೆಯುವುದು ಅಲ್ಲಿಯ ತನಕ. ಅಲ್ಲಿಂದ 30 ಕಿಲೋಮೀಟರ್ ದಾಟಿದರೆ ಅವಳು ಮೂಕಿ.

ಭಾಷೆಯ ಬಗ್ಗೆ ಕೇಳಿದ್ದೀಯ, ಡ್ರೋನ್, ಚೆಕ್‌ಪೋಸ್ಟ್‌ಗೆ ಕನ್ನಡ ಪದ ಏನು ಅಂತ. ಡ್ರೋನ್, ಚೆಕ್‌ಪೋಸ್ಟ್. ಅಜ್ಜಿಗೆ ಅರ್ಥವಾಗುತ್ತದೆ. ನಾಕಾಬಂದಿ ಅಂದರೂ ಆಗುತ್ತದೆ. "ಮಾನವರಹಿತ ವೈಮಾನಿಕ ವಾಹನ" ಅಂತ ಬರೆದರೆ ಅಜ್ಜಿ ಪುಸ್ತಕ ಮುಚ್ಚಿ ಟಿವಿ ಹಾಕುತ್ತಾರೆ. "ನಿರಾಶ್ರಿತರು" ಅನ್ನುವ ಪದವನ್ನು ಮಾತ್ರ ಜೋಪಾನವಾಗಿ ಬಳಸು. ಅದು ಕಚೇರಿಯವರ ಪದ. ಓಡಿ ಬಂದವರು ತಮ್ಮನ್ನು ತಾವು ಹಾಗೆ ಕರೆದುಕೊಳ್ಳುವುದು ಕಡಿಮೆ. ವಿಭಜನೆಯ ಹೊತ್ತಿಗೆ ಬಂದ ಎಷ್ಟೋ ಜನ "ಶರಣಾರ್ಥಿ" ಅನ್ನಿಸಿಕೊಳ್ಳಲು ಒಪ್ಪದೆ "ಪುರುಷಾರ್ಥಿ" ಅಂತ ಹೇಳಿಕೊಂಡರು, ದುಡಿದು ತಿನ್ನುವವರು ಅನ್ನುವ ಅರ್ಥದಲ್ಲಿ. ಇಳಾಳ ಕ್ಯಾಂಪಿನವರು ತಮ್ಮನ್ನು ಏನಂತ ಕರೆದುಕೊಳ್ಳುತ್ತಾರೆ? ಒಂದು ಪದ ಹುಡುಕು. ಅದು ಸಿಕ್ಕಿದರೆ ಅದೇ ಪುಸ್ತಕದ ಹೆಸರಾದರೂ ಆದೀತು. ಈಗ ಇಟ್ಟಿರುವ "ರಕ್ತದ ಗಡಿ" ನನಗೆ ಹಿಡಿಸಲಿಲ್ಲ.

ಅಮ್ಮನವರೇ, ಕೊನೆಗೆ ನಿಮಗೊಂದು ಕೆಲಸ. ಮುಂದಿನ ಭಾನುವಾರ ಮಗಳನ್ನೂ, ಅತ್ತೆಯವರಿಗೆ ಆಗುತ್ತದೆ ಅಂದರೆ ಅವರನ್ನೂ, ಉಲ್ಲಾಸನಗರಕ್ಕೆ ಕರೆದುಕೊಂಡು ಹೋಗಿ. ನಿಮ್ಮ ಡೊಂಬಿವಲಿಯಿಂದ ನಾಲ್ಕನೇ ಸ್ಟೇಷನ್. ಬದಲಾಪುರ್ ಅಥವಾ ಕರ್ಜತ್ ಲೋಕಲ್ ಹಿಡಿಯಿರಿ, ಕಸಾರಾದ್ದು ಬೇಡ. ಎರಡನೇ ಮಹಾಯುದ್ಧದ ಸೈನಿಕರ ಬ್ಯಾರಕ್‌ಗಳು ಅಲ್ಲಿದ್ದವು, ಕಲ್ಯಾಣ್ ಕ್ಯಾಂಪ್ ಅಂತ ಹೆಸರು. ವಿಭಜನೆಯಾದಾಗ ಸಿಂಧ್‌ನಿಂದ ಬಂದ ಸುಮಾರು ಒಂದು ಲಕ್ಷ ಜನರನ್ನು ಅಲ್ಲಿ ತುಂಬಿಸಿದರು. 1949ರಲ್ಲಿ ಅದಕ್ಕೆ ಉಲ್ಲಾಸನಗರ ಅಂತ ಹೊಸ ಹೆಸರು ಬಂತು. ಹೆಸರು ಬದಲಾದರೂ ರಿಕ್ಷಾದವನಿಗೆ ಇವತ್ತಿಗೂ "ಕ್ಯಾಂಪ್ ನಂಬರ್ ನಾಲ್ಕು" ಅಂತಲೇ ಹೇಳಬೇಕು. ಮಗಳು ಅದನ್ನು ಕಿವಿಯಾರೆ ಕೇಳಲಿ. ಪೆನ್ನು ಪುಸ್ತಕ ಹಿಡಿದು ಯಾರನ್ನೂ ಪ್ರಶ್ನೆ ಕೇಳುವುದು ಬೇಡ, ಸುಮ್ನೆ ಓಡಾಡಿದರೆ ಸಾಕು. ದಾಲ್ ಪಕ್ವಾನ್ ತಿನ್ನಿ. ಅದು ಬೆಳಗಿನ ತಿಂಡಿ, ಮಧ್ಯಾಹ್ನ ಹೋದರೆ ಸಿಗುವುದು ಕಷ್ಟ, ಹತ್ತು ಗಂಟೆಯೊಳಗೆ ಮುಟ್ಟುವ ಹಾಗೆ ಹೊರಡಿ.

ನಾಲ್ಕನೇ ಅಧ್ಯಾಯ ಮತ್ತೆ ಬರೆದ ಮೇಲೆ ಕಳಿಸಲಿ. ಆಜಿ ನಿದ್ದೆಯಲ್ಲಿ ಮಾತಾಡಿದಳೋ ಇಲ್ಲವೋ ಅಂತ ನನಗೆ ಗೊತ್ತಾಗಬೇಕು.